ಕೈಗಿಂತ ಮೊದಲು ಕಾಲು

ನಲವತ್ತು ದಾಟಿದ ಮೇಲೆ ಬಂಡೆ ಹತ್ತುವುದನ್ನು ಕಲಿಯಲು ಆಗುತ್ತದೆಯೇ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಖಂಡಿತ ಆಗುತ್ತದೆ, ಪಾಠ ಮಾತ್ರ ತಪ್ಪಿಸಬಾರದು. ತೋಳಿನ ಬಲ, ತೆಳ್ಳಗಿನ ಮೈ, ಎಳೆ ವಯಸ್ಸು ಎಲ್ಲವೂ ಆಮೇಲಿನ ಮಾತು. ವಾರ ವಾರವೂ ಬಂಡೆ ಮುಟ್ಟುವವರಿಗೆ ಈ ವಿದ್ಯೆ ಒಲಿಯುತ್ತದೆ.

ಚಳಿಗಾಲ ಬಂತೆಂದರೆ ಬೆಂಗಳೂರು, ಪುಣೆಗಳಿಂದ, ಯುರೋಪಿನಿಂದಲೂ ಜನ ಹಗ್ಗ ಹೊತ್ತುಕೊಂಡು ಬಾದಾಮಿಗೆ ಬರುತ್ತಾರೆ. ಬಾಗಲಕೋಟೆ, ಹುನಗುಂದ, ಇಳಕಲ್ಲಿನ ನಾವು ಅದೇ ಬಂಡೆಗಳ ಬುಡದಲ್ಲಿ ಹಾದು ಬನಶಂಕರಿ ಜಾತ್ರೆಗೆ ಹೋಗಿ ಬರುತ್ತೇವೆ. ನಮ್ಮ ಅಂಗಳದ ಈ ಬಂಡೆಯನ್ನು ನಾವೂ ಹತ್ತಬೇಕು ಎಂಬುದು ನನ್ನ ಆಸೆ.

ಇಳಕಲ್ಲಿನದು ಗ್ರಾನೈಟು, ಹರಳುಗಟ್ಟಿದ ಗಟ್ಟಿ ಕಲ್ಲು. ಬಾದಾಮಿಯದು ಮರಳುಗಲ್ಲು, ಪದರದ ಮೇಲೆ ಪದರ ಕೂತದ್ದು. ಮೆತ್ತಗಿನ ಪದರ ಸವೆದಲ್ಲೆಲ್ಲ ಬೆರಳಿನ ತುದಿ ಕೂರುವಷ್ಟು ಅಡ್ಡ ಅಂಚು ಉಳಿದಿರುತ್ತದೆ. ಚಾಲುಕ್ಯರ ಮಂಗಳೇಶನ ಕ್ರಿ.ಶ. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯನ್ನು ಕೊರೆದದ್ದೂ ಇದೇ ಕಲ್ಲಿನಲ್ಲಿ. ಶಿಲ್ಪಿಗೆ ಒದಗಿದ ಕಲ್ಲು ಹತ್ತುವವರಿಗೂ ಒದಗಿದೆ. ಮಳೆಯಲ್ಲಿ ನೆನೆದ ಮರಳುಗಲ್ಲಿನ ಬಿಗಿ ಮಾತ್ರ ಸಡಿಲಾಗುತ್ತದೆ. ಅಂಚು ಕೈಯಲ್ಲೇ ಮುರಿದು ಬರಬಹುದು. ಮೇಲೆ ಒಣಗಿದಂತೆ ಕಂಡರೂ ಒಳಗಿನ ತೇವ ಆರುವವರೆಗೆ ಕಾಯಲೇಬೇಕು.

ಮೊದಲ ಪಾಠ ನೆಲದ ಮೇಲೆಯೇ. ಸೊಂಟಕ್ಕೆ ಹಾರ್ನೆಸ್ ಬಿಗಿದು, ಹಗ್ಗಕ್ಕೆ ಎಂಟರ ಗಂಟು ಹಾಕಬೇಕು: ಒಂದು ಎಂಟು ಮಾಡಿ, ತುದಿಯನ್ನು ಹಾರ್ನೆಸ್ಸಿನ ಎರಡೂ ಕುಣಿಕೆಯಲ್ಲಿ ತೂರಿಸಿ, ಬಂದ ದಾರಿಯಲ್ಲೇ ವಾಪಸ್ಸು ಹೆಣೆಯುವುದು. ಎಳೆಗಳು ಒಂದರ ಮೇಲೊಂದು ಹೊರಳದೆ ಜೋಡಿಯಾಗಿ ಸಾಗಬೇಕು, ತುದಿ ಗೇಣುದ್ದ ಉಳಿಯಬೇಕು. ನಿಮ್ಮ ಗಂಟನ್ನು ಜೊತೆಗಾರ ನೋಡಬೇಕು, ಹಗ್ಗ ತಡೆಯುವ ಅವನ ಬಿಲೇ ಸಾಧನವನ್ನು ನೀವು ನೋಡಬೇಕು. ಕೆಳಗೆ ನಿಂತು ಹಗ್ಗ ಹಿಡಿದವರ ತಡೆಗೈ ಒಂದು ಕ್ಷಣವೂ ಹಗ್ಗ ಬಿಡುವಂತಿಲ್ಲ. ನುರಿತವರೂ ಪ್ರತಿ ಸಲ ಇಷ್ಟನ್ನೂ ಮಾಡುತ್ತಾರೆ.

ಆಮೇಲೆ ಕಾಲು. ದೊಡ್ಡವರು ಬಂಡೆಗೆ ಬಂದ ತಕ್ಷಣ ತೋಳಿನಿಂದ ಮೈಯನ್ನು ಮೇಲೆಳೆಯಲು ಹೋಗುತ್ತಾರೆ. ಎರಡಾಳೆತ್ತರ ಏರುವಷ್ಟರಲ್ಲಿ ಮುಂಗೈ ಕಲ್ಲಾಗಿ ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಳ್ಳೆಯ ಗುರು ಮೊದಲು ಓರೆ ಬಂಡೆಯ ಮೇಲೆ ಕೈ ಮುಟ್ಟಿಸದೆ ನಡೆಸುತ್ತಾರೆ. ಶೂವಿನ ಹೆಬ್ಬೆರಳ ತುದಿ ಅಂಚಿನ ಮೇಲೆ ಪೂರ್ತಿ ಕೂರುವವರೆಗೆ ಕಣ್ಣು ಪಾದದ ಮೇಲೇ ಇರಬೇಕು; ಊರಿದ ಮೇಲೆ ಅದನ್ನು ಅಲುಗಿಸಬಾರದು. ತೋಳು ನೀಳವಾಗಿ ಸಡಿಲವಾಗಿರಬೇಕು, ಏರುವ ಕೆಲಸ ತೊಡೆಯದು. ಇಳಕಲ್ಲಿನ ಕುಣಿಮಗ್ಗದಲ್ಲಿ ಕೂತವರ ಕೈ ಲಾಳಿ ನೋಡಿಕೊಂಡರೆ ಕಾಲು ತನ್ನ ಪಾಡಿಗೆ ತುಳಿಯುತ್ತಿರುತ್ತದಲ್ಲ, ಹಾಗೆ ಕಾಲಿಗೆ ಬುದ್ಧಿ ಬರಬೇಕು. ಅದು ಅಭ್ಯಾಸದಿಂದಲೇ ಬರುವ ಬುದ್ಧಿ.

ಬೆರಳಿನ ವಿಷಯದಲ್ಲಿ ಅವಸರ ಸಲ್ಲದು. ಸ್ನಾಯುಗಳು ಕೆಲವೇ ವಾರಗಳಲ್ಲಿ ಬಲವಾಗುತ್ತವೆ, ಅವನ್ನು ಮೂಳೆಗೆ ಕಟ್ಟಿದ ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಬಲ ಬಂತೆಂದು ಸಣ್ಣ ಅಂಚಿಗೆ ಜೋತುಬಿದ್ದವರಿಗೆ ಉಂಗುರ ಬೆರಳಿನ ಬುಡದಲ್ಲಿ ಪೆಟ್ಟಾಗುತ್ತದೆ. ವಯಸ್ಸಾದಷ್ಟೂ ಅದು ಮಾಯುವುದು ನಿಧಾನ.

ಬೀಳುವುದಕ್ಕೂ ಪಾಠವಿದೆ. ಮೊದಲು ಮೇಲಿನಿಂದ ಬಿಟ್ಟ ಹಗ್ಗದಲ್ಲಿ, ನಂತರ ಬಂಡೆಯಲ್ಲಿ ನೆಟ್ಟ ಬೋಲ್ಟಿನಿಂದ ಬೋಲ್ಟಿಗೆ ತಾವೇ ಹಗ್ಗ ಸಿಕ್ಕಿಸುತ್ತ ಏರುವುದರಲ್ಲಿ, ಗುರುವಿನ ಎದುರೇ ಸ್ವಲ್ಪ ಸ್ವಲ್ಪ ಬಿದ್ದು ಕಲಿಯಬೇಕು. ಮನೆ, ಮಕ್ಕಳು, ಸಾಲ ಹೊತ್ತವರ ಹೆದರಿಕೆ ನ್ಯಾಯವಾದದ್ದೇ. ಹಗ್ಗ ಹಿಡಿಯುತ್ತದೆ ಎಂಬುದು ಮೈಗೆ ಗೊತ್ತಾದಾಗಲೇ ಉಸಿರು ಹದಕ್ಕೆ ಬರುತ್ತದೆ. ಚಿತ್ರದುರ್ಗದ ಕೋಟೆಯನ್ನು ಹಗ್ಗವಿಲ್ಲದೆ ಏರುವ ಜ್ಯೋತಿರಾಜ್ ಅವರನ್ನು ನೋಡಿ ಬೆರಗಾಗೋಣ, ಅನುಕರಿಸುವುದು ಬೇಡ.

ಬಂಡೆಯ ಮೇಲೆ ಹತ್ತುವ ದಾರಿಗಳಿಗೆ, ಕಷ್ಟ ಏರಿದಂತೆ ಅಂಕೆಯೂ ಏರುವ ಫ್ರೆಂಚ್ ಲೆಕ್ಕದ ದರ್ಜೆಗಳಿವೆ. ಪುಣೆಯ ತುಹಿನ್ ಸಾತರ್ಕರ್ ಏರಿದ ಬಾದಾಮಿಯ ‘ಗಣೇಶ’ 8ಬಿ+. ಐದನೆಯ ದರ್ಜೆಯ ದಾರಿಯನ್ನು ಚೊಕ್ಕವಾಗಿ, ಎಲ್ಲೂ ಪಾದ ಜಾರದೆ ಹತ್ತುವ ಐವತ್ತರ ಗೃಹಿಣಿಯನ್ನೂ ನಾನು ಅಷ್ಟೇ ಗೌರವದಿಂದ ನೋಡುತ್ತೇನೆ.

ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಬಾದಾಮಿಯಲ್ಲಿ ಶಿಬಿರಗಳನ್ನು ನಡೆಸುತ್ತ ಬಂದಿದೆ. ಶಿಬಿರ ರುಚಿ ಹತ್ತಿಸುತ್ತದೆ, ವಿದ್ಯೆ ನಿಲ್ಲಲು ವಾರದ ಪಾಠ ಬೇಕು. ನವೆಂಬರಿನಿಂದ ಫೆಬ್ರವರಿವರೆಗೆ ಪ್ರತಿ ಭಾನುವಾರ ಬೆಳಗ್ಗೆ, ಸ್ಮಾರಕಗಳಿಂದ ದೂರದ ಬಂಡೆಗಳಲ್ಲಿ, ಜಿಲ್ಲೆಯ ವಯಸ್ಕರಿಗೆಂದೇ ಒಂದು ತರಗತಿ ನಡೆಯಲಿ. ಅದನ್ನು ಕೇಳಿ ಪಡೆಯಬೇಕಾದವರು ನಾವೇ. ಬಾಗಲಕೋಟೆಯಿಂದ ಬಾದಾಮಿಗೆ ರೈಲೂ ಇದೆ, ಬಸ್ಸೂ ಇದೆ.