ಬಣ್ಣ ಬದಲಾದರೆ ಆಟ ಬದಲಾದೀತೆ?

ಹಳೆಯ ವಿಡಿಯೋ ಗೇಮುಗಳನ್ನು ಬಿಚ್ಚಿ, ಅವುಗಳ ಪಾತ್ರಗಳನ್ನು ಬೇರೆ ಥರ ಬರೆದು, ಮತ್ತೆ ಜೋಡಿಸಿ ಆಡುವ ಜನರಿದ್ದಾರೆ. ಸಂಬಳಕ್ಕಲ್ಲ, ಬಹುಮಾನಕ್ಕೂ ಅಲ್ಲ. ರಾತ್ರಿ ನಿದ್ದೆಗೆಟ್ಟು ಮಾಡುವ ಹವ್ಯಾಸ ಇದು. ನಾನೂ ಅವರಲ್ಲೊಬ್ಬ. ಇದನ್ನು ಮಕ್ಕಳಾಟ ಅಂತ ಕರೆಯುವವರ ಜೊತೆ ನನ್ನ ಜಗಳವಿಲ್ಲ. ಆದರೆ ಸಾಹಿತ್ಯ ವಿಮರ್ಶೆಯಲ್ಲಿ ನಾವು ಇಷ್ಟು ವರ್ಷ ಗುದ್ದಾಡುತ್ತಿರುವ ಒಂದು ಪ್ರಶ್ನೆ ಈ ಮಕ್ಕಳಾಟದಲ್ಲಿ ಯಾವ ಅಲಂಕಾರವೂ ಇಲ್ಲದೆ ನಿಂತಿದೆ. ಕಥೆಯೊಳಗಿನ ಪಾತ್ರ ಬದಲಾದರೆ ಸಾಕೆ, ಕಥೆ ನಡೆಯುವ ಕಟ್ಟಳೆ ಬದಲಾಗಬೇಡವೆ ಎಂಬುದೇ ಆ ಪ್ರಶ್ನೆ.

ಮೊದಲು ಈ ಕೆಲಸದ ಒಳಗುಟ್ಟು ತಿಳಿಯಬೇಕು. 1983ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಫ್ಯಾಮಿಕಾಮ್ ಎಂಬ ಯಂತ್ರ ತಂದಿತು. ಅದರಲ್ಲಿ ಚಿತ್ರವೆಂದರೆ ಅಗಲಕ್ಕೆ 8, ಎತ್ತರಕ್ಕೆ 8 ಚುಕ್ಕಿಗಳ ಪುಟ್ಟ ಹೆಂಚುಗಳು. ಓಡಾಡುವ ಪಾತ್ರದ ಒಂದು ಹೆಂಚಿಗೆ ಮೂರೇ ಬಣ್ಣ, ಉಳಿದದ್ದು ಪಾರದರ್ಶಕ. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಆಟದ ಚಿಕ್ಕ ಮಾರಿಯೋ ಇಂಥ ನಾಲ್ಕು ಹೆಂಚುಗಳ ಮನುಷ್ಯ. ಈ ಪಾತ್ರ ಮೊದಲು ಹುಟ್ಟಿದಾಗ ಚುಕ್ಕಿಗಳ ಬಡತನದಲ್ಲಿ ಬಾಯಿ ಬರೆಯುವುದು ಕಷ್ಟವಾಗಿ ಮೀಸೆ ಬಂತು, ಕೂದಲು ಬರೆಯುವುದು ಕಷ್ಟವಾಗಿ ಟೋಪಿ ಬಂತು ಎಂದು ಅದನ್ನು ಸೃಷ್ಟಿಸಿದ ಶಿಗೆರು ಮಿಯಾಮೊಟೊ ಹೇಳಿದ್ದಾರೆ. ಅದೇ ಆಟದ ಮೋಡವೂ ಪೊದೆಯೂ ಒಂದೇ ಚಿತ್ರ. ಬಿಳಿ ಹಚ್ಚಿದರೆ ಮೋಡ, ಹಸಿರು ಹಚ್ಚಿದರೆ ಪೊದೆ. ಒಂದು ಆಕಾಶದಲ್ಲಿ, ಇನ್ನೊಂದು ನೆಲದಲ್ಲಿ.

ಈ ಹೆಂಚುಗಳು ಒಂದು ಚಿಪ್ಪಿನಲ್ಲಿರುತ್ತವೆ. ಯಾರು ಯಾರನ್ನು ಮುಟ್ಟಿದರೆ ಯಾರು ಸಾಯಬೇಕು, ಯಾರು ಎಷ್ಟು ಎತ್ತರ ಹಾರಬೇಕು, ಯಾರು ಗುಂಡಿಗೆ ಬೀಳಬೇಕು ಎಂಬ ಆಜ್ಞೆಗಳು ಇನ್ನೊಂದು ಚಿಪ್ಪಿನಲ್ಲಿರುತ್ತವೆ. ರೂಪ ಒಂದು ಕಡೆ, ಕಟ್ಟಳೆ ಒಂದು ಕಡೆ. ಮುಟ್ಟುವುದರ ಕಾನೂನು ಎಲ್ಲಿ ಬರೆದಿದೆ ಅಂತ ಹುಡುಕುವುದು ಏನೆಂದು ಈ ಪತ್ರಿಕೆಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ.

ನಮ್ಮ ಕಡೆ ಇದು ‘ಟಿವಿ ಗೇಮ್’ ಅಂತ ಬಂತು. ಅಸಲಿ ಯಂತ್ರ ಕೊಳ್ಳುವ ತಾಕತ್ತು ಎಷ್ಟು ಮನೆಗಳಿಗಿತ್ತು? ನಮ್ಮಂಥವರ ಕೈಗೆ ಸಿಕ್ಕಿದ್ದು ಅದರ ನಕಲು. ಕ್ಯಾಸೆಟ್ಟಿನ ಮೇಲೆ ಸಾವಿರಗಟ್ಟಲೆ ಆಟಗಳ ಲೆಕ್ಕ ಇರುತ್ತಿತ್ತು. ಹಾಕಿ ನೋಡಿದರೆ ಹತ್ತಿಪ್ಪತ್ತು ಆಟಗಳೇ ಬೇರೆ ಬೇರೆ ಹೆಸರಲ್ಲಿ, ಬೇರೆ ಬೇರೆ ಹಂತದಿಂದ ಶುರುವಾಗುತ್ತಿದ್ದವು. ಎಷ್ಟೋ ಆಟಗಳ ಮೊದಲ ಪರದೆಯಲ್ಲಿ ಕಂಪನಿಯ ಹೆಸರನ್ನೇ ಅಳಿಸಿರುತ್ತಿದ್ದರು. ಅಂದರೆ ನಾವು ಆಡಿದ್ದೇ ತಿದ್ದಿದ ಆಟ. ಮೂಲಪಠ್ಯದ ಮಡಿ ನಮಗೆ ಮೊದಲಿಂದಲೂ ಇರಲಿಲ್ಲ. ಹಳೆಯ ಆಟವನ್ನು ಮುಟ್ಟಬಾರದು, ಅದು ಇದ್ದ ಹಾಗೇ ಇರಬೇಕು ಎಂಬ ಮಾತು ನನಗೆ ಹಿಡಿಸದಿರುವುದಕ್ಕೆ ಇದೂ ಒಂದು ಕಾರಣ.

ಈಗ ಒಂದು ಉದಾಹರಣೆ. 1981ರ ‘ಡಾಂಕಿ ಕಾಂಗ್’ ಆಟದಲ್ಲಿ ದೈತ್ಯ ಗೊರಿಲ್ಲವೊಂದು ಪಾಲಿನ್ ಎಂಬ ಹೆಣ್ಣನ್ನು ಹೊತ್ತೊಯ್ದು ಕಟ್ಟಡದ ತುದಿಯಲ್ಲಿ ನಿಲ್ಲಿಸಿಕೊಳ್ಳುತ್ತದೆ. ಗಂಡು ಹತ್ತಿ ಹೋಗಿ ಬಿಡಿಸಬೇಕು. ಅವಳ ಪಾಲಿಗಿರುವುದು ಸಹಾಯಕ್ಕಾಗಿ ಕೂಗುವ ಕೆಲಸ. ಅಮೆರಿಕದ ಗೇಮ್ ತಯಾರಕ ಮೈಕ್ ಮೈಕಾ ಅವರ ಮೂರು ವರ್ಷದ ಮಗಳು, ಆ ಹುಡುಗಿಯಾಗಿ ಆಡಿ ಗಂಡನ್ನು ಬಿಡಿಸೋಕೆ ಆಗಲ್ವಾ ಅಂತ ಕೇಳಿದಳು. 2013ರ ಮಾರ್ಚ್ ತಿಂಗಳಲ್ಲಿ ಅಪ್ಪ ರಾತ್ರಿಯೆಲ್ಲ ಕೂತು ಫ್ಯಾಮಿಕಾಮ್ ಕಾಲದ ಆ ಆಟದ ಹೆಂಚುಗಳನ್ನು ತಿದ್ದಿದರು. ಪಾಲಿನ್ ಏಣಿ ಹತ್ತಿದಳು, ಸುತ್ತಿಗೆ ಹಿಡಿದಳು. ಮಾರಿಯೋ ಮೇಲೆ ನಿಂತು ಕಾಯತೊಡಗಿದ.

ಇದರಿಂದ ತಿಳಿದದ್ದೇನು? ಆಜ್ಞೆಗಳಿರುವ ಚಿಪ್ಪು ಏಣಿ ಹತ್ತುತ್ತಿರುವುದು ಯಾರೆಂದು ಕೇಳಲೇ ಇಲ್ಲ. ಅದಕ್ಕೆ ಬೇಕಾದದ್ದು ಇಷ್ಟು ಹೆಂಚು, ಇಷ್ಟು ಬಣ್ಣ ಮಾತ್ರ. ಹೆಣ್ಣು ಹತ್ತಬಾರದು ಎಂಬುದಕ್ಕೆ ಯಂತ್ರದಲ್ಲಿ ಕಾರಣವೇ ಇರಲಿಲ್ಲ. ಕಾರಣ ಇದ್ದದ್ದು ಬರೆದವರ ತಲೆಯಲ್ಲಿ. ನಾಯಕತ್ವ ಮುಖದಲ್ಲಿಲ್ಲ, ಆಡುವವರ ಕೈಯ ಗುಂಡಿಗೆ ಯಾರನ್ನು ಕಟ್ಟಿದ್ದಾರೆ ಎಂಬುದರಲ್ಲಿದೆ. ಪಾತ್ರ ಬದಲಿಸುವ ಹವ್ಯಾಸದ ಮೊದಲ ಗಳಿಕೆ ಇದು: ಸಹಜವೆಂದು ಕಾಣುತ್ತಿದ್ದದ್ದು ಬರೀ ಒಂದು ಆಯ್ಕೆ ಎಂದು ಸಾಬೀತು ಮಾಡುವುದು. ಮೈಕಾ ಅವರ ಈ ಕೆಲಸಕ್ಕೆ ಮೆಚ್ಚುಗೆ ಬಂದಷ್ಟೇ ಬೈಗುಳವೂ ಬಂತು. ಯಾರ ಮನೆಯ ಹಳೆಯ ಆಟಕ್ಕೂ ಧಕ್ಕೆಯಾಗಿರಲಿಲ್ಲ. ಆದರೂ ಸಿಟ್ಟು! ‘ಬರೀ ಆಟ’ ಅನ್ನುವವರಿಗೇ ಅದು ಬರೀ ಆಟವಲ್ಲ ಅಂತ ಗೊತ್ತಿತ್ತು.

ಇದಕ್ಕೂ ಮುಂಚೆ, 2012ರಲ್ಲಿ, ಮೈಕ್ ಹೋಯ್ ಎಂಬವರು ನಿಂಟೆಂಡೊದ ಇನ್ನೊಂದು ಆಟದಲ್ಲಿ ತಮ್ಮ ಮಗಳಿಗೋಸ್ಕರ ನಾಯಕನನ್ನು ‘ಅವನು’ ಎನ್ನುವ ಮಾತುಗಳನ್ನೆಲ್ಲ ‘ಅವಳು’ ಮಾಡಿದರು. ‘ದಿ ವಿಂಡ್ ವೇಕರ್’ ಎಂಬ, 2002ರಲ್ಲಿ ಬಂದ ಆಟ ಅದು. ಇಂಗ್ಲಿಷಿನಲ್ಲಿ ‘ಹಿ’ ಬರೆಯಲು ಎರಡಕ್ಷರ ಬೇಕು, ‘ಶಿ’ಗೆ ಮೂರು. ಫೈಲಿನಲ್ಲಿ ಒಂದು ಅಕ್ಷರ ಹೆಚ್ಚಾದರೂ ಮುಂದಿನದೆಲ್ಲ ಜಾಗ ತಪ್ಪುತ್ತದೆ. ಹಾಗಾಗಿ ಹಳೆಯ ಮಾತು ಹಿಡಿದಿದ್ದ ಜಾಗದೊಳಗೇ ಹೊಸ ಮಾತನ್ನು ಹುಡುಕಿ ಕೂರಿಸಬೇಕಾಯಿತು. ಬೇರೆಯವರು ಅಳತೆ ಮಾಡಿಟ್ಟ ಜಾಗದಲ್ಲಿ ನಮ್ಮ ಮಾತು ಆಡುವುದೆಂದರೆ ಹೀಗೇ. ಹೊಸಬರು ಬಂದಾಗ ಮನೆ ದೊಡ್ಡದಾಗುವುದಿಲ್ಲ. ಬಂದವರೇ ಮೈ ಕುಗ್ಗಿಸಿಕೊಳ್ಳಬೇಕು.

ಇಲ್ಲೇ ಈ ಹವ್ಯಾಸದ ಮಿತಿಯೂ ಕಾಣುತ್ತದೆ. ಪಾಲಿನ್ ಹತ್ತಿದಳು, ಸರಿ. ಆದರೆ ತುದಿಯಲ್ಲಿ ಒಬ್ಬರು ಸೆರೆಯಾಗಿರಲೇಬೇಕು ಎಂಬುದು ಹಾಗೇ ಉಳಿಯಿತು. ಮಾರಿಯೋನ ಆಟದಲ್ಲಿ ಗೂಂಬ ಎಂಬ ಅಣಬೆಯಂಥ ಜೀವಿಗಳು ಬರುತ್ತವೆ; ತಮ್ಮ ಪಾಡಿಗೆ ನಡೆದು ಬಂದು ತುಳಿಸಿಕೊಂಡು ಸಾಯುವುದೇ ಅವುಗಳ ಬಾಳು. ಮಾರಿಯೋನ ಜಾಗದಲ್ಲಿ ಯಾರನ್ನು ತಂದು ನಿಲ್ಲಿಸಿದರೂ ಗೂಂಬಕ್ಕೇನು? ತುಳಿಯುವ ಕಾಲು ಯಾರದು ಎಂಬುದಷ್ಟೇ ಬದಲಾಯಿತು.

ಬಣ್ಣ ಬದಲಿಸುವುದು ಹವ್ಯಾಸಿಗಳು ಮಾತ್ರ ಮಾಡುವ ಕೆಲಸವೂ ಅಲ್ಲ, ಯಜಮಾನರೂ ಮಾಡುತ್ತಾರೆ. 1987ರಲ್ಲಿ ನಿಂಟೆಂಡೊ ‘ಪಂಚ್ ಔಟ್’ ಎಂಬ ಬಾಕ್ಸಿಂಗ್ ಆಟವನ್ನು ಕಪ್ಪು ಜನಾಂಗದ ಚಾಂಪಿಯನ್ ಮೈಕ್ ಟೈಸನ್ ಹೆಸರಲ್ಲಿ ಮಾರಿತು. ಕೊನೆಯ ಎದುರಾಳಿಯೇ ಟೈಸನ್. ಹೆಸರು ಬಳಸುವ ಕರಾರು ಮುಗಿದ ಮೇಲೆ 1990ರಲ್ಲಿ ಆ ಜಾಗಕ್ಕೆ ಮಿಸ್ಟರ್ ಡ್ರೀಮ್ ಎಂಬ ಬಿಳಿಯನನ್ನು ತಂದರು. ಹೊಡೆತ ಅದೇ, ಹೊಡೆತದ ನಡುವಿನ ಲೆಕ್ಕ ಅದೇ, ಮೈಯ ಗೆರೆಗಳೂ ಅವೇ. ತಲೆ ಬೇರೆ, ಚರ್ಮದ ಬಣ್ಣ ಬೇರೆ. ಕಪ್ಪು ಮನುಷ್ಯನ ದೇಹದ ಕಸುವನ್ನೆಲ್ಲ ಇಟ್ಟುಕೊಂಡು ಮುಖವನ್ನಷ್ಟೇ ಕಳಚಿದ ಈ ತಿದ್ದುಪಡಿಯನ್ನು ಯಾರೂ ಹವ್ಯಾಸ ಅಂತ ಕರೆಯಲಿಲ್ಲ, ಮೂಲಕ್ಕೆ ದ್ರೋಹ ಅಂತಲೂ ಕರೆಯಲಿಲ್ಲ. ವ್ಯಾಪಾರ ಅಂದರು.

ಅದೇ ಆಟದಲ್ಲಿ ನಮ್ಮ ದೇಶದವನೂ ಒಬ್ಬನಿದ್ದಾನೆ. ಗ್ರೇಟ್ ಟೈಗರ್ ಎಂದು ಹೆಸರು, ಊರು ಬಾಂಬೆ. ತಲೆಗೆ ರುಮಾಲು, ರುಮಾಲಿಗೆ ಹರಳು, ಜೊತೆಗೊಂದಿಷ್ಟು ಮಾಯಾಜಾಲ. ಪಾಶ್ಚಾತ್ಯರ ಕಣ್ಣಿನ ಭಾರತವನ್ನು ಜಪಾನಿನವರು ಮತ್ತೆ ಬರೆದಿದ್ದಾರೆ ಅಂತ ಸುಮ್ಮನಾಗಬಹುದಿತ್ತು. ಆದರೆ ಗಮನಿಸಿ ನೋಡಿ: ಅವನು ಗುದ್ದುವ ಮುಂಚೆ ರುಮಾಲಿನ ಹರಳು ಮಿನುಗುತ್ತದೆ. ಅದನ್ನು ನೋಡಿಯೇ ಆಟಗಾರ ತಪ್ಪಿಸಿಕೊಳ್ಳಬೇಕು. ಈಗ ಹವ್ಯಾಸಿಯೊಬ್ಬ ರುಮಾಲು ತೆಗೆದು ಅವನನ್ನು ಬರಿಯ ಮನುಷ್ಯನನ್ನಾಗಿ ಮಾಡಲು ಹೊರಟರೆ ಆಟ ಆಡಲಾಗದಷ್ಟು ಕಷ್ಟವಾಗುತ್ತದೆ. ಗುದ್ದಿಗೆ ಬೇರೊಂದು ಸೂಚನೆ ಹೊಂದಿಸಿಕೊಡಲೇಬೇಕಾಗುತ್ತದೆ. ಇಲ್ಲಿ ಪೂರ್ವಗ್ರಹ ಬರೀ ಬಣ್ಣದಲ್ಲಿಲ್ಲ, ಆಟದ ಕೀಲಿನಲ್ಲೇ ಕೂತಿದೆ. ಟೈಸನ್ ಮುಖವನ್ನು ಕಳಚಿದಷ್ಟು ಸುಲಭವಾಗಿ ಇದನ್ನು ಕಳಚಲಾಗದು. ಸುಳ್ಳು ಚಿತ್ರಗಳಲ್ಲೂ ಎರಡು ಜಾತಿ ಎಂದು ನಾನು ಅರಿತದ್ದು ಇಲ್ಲಿ: ಮೈಮೇಲೆ ಅಂಟಿಸಿದ್ದು ಒಂದು, ಒಳಗೆ ಕೆಲಸ ಮಾಡುತ್ತಿರುವುದು ಇನ್ನೊಂದು. ವಿಮರ್ಶೆ ಮೊದಲನೆಯದನ್ನು ಕೆರೆದು ತೆಗೆದು ಗೆದ್ದೆ ಅಂದುಕೊಂಡರೆ ಎರಡನೆಯದು ಆರಾಮವಾಗಿರುತ್ತದೆ.

ಹಾಗಾದರೆ ಕಟ್ಟಳೆ ಬದಲಿಸಿದರೆ ಎಲ್ಲ ಸರಿಹೋಯಿತೆ? ಅದೂ ಅಷ್ಟು ಸರಳವಲ್ಲ. 1981ರಲ್ಲಿ ಅಮೆರಿಕದ ಎಂಐಟಿ ಬಿಟ್ಟ ಕೆಲವು ಯುವಕರು ಜನರಲ್ ಕಂಪ್ಯೂಟರ್ ಕಾರ್ಪೊರೇಷನ್ ಎಂಬ ಸಂಸ್ಥೆ ಕಟ್ಟಿ, ಕಾಸು ಹಾಕಿ ಆಡುವ ಯಂತ್ರಗಳಿಗೆ ಹೆಚ್ಚುವರಿ ಸರ್ಕ್ಯೂಟು ಮಾಡಿ ಮಾರಿದರು. ಆಟಗಾರರು ಪಳಗಿಬಿಟ್ಟಿದ್ದರು, ಒಂದು ಕಾಸಿಗೆ ಬಹಳ ಹೊತ್ತು ಆಡುತ್ತಿದ್ದರು. ಯಂತ್ರದ ಮಾಲೀಕನಿಗೆ ಆಟ ಕಷ್ಟವಾಗಬೇಕಿತ್ತು. ಅಟಾರಿ ಕಂಪನಿ ಇವರ ಮೇಲೆ ದಾವೆ ಹೂಡಿ ಕೊನೆಗೆ ರಾಜಿಯಾಯಿತು. ಆಮೇಲೆ ಇವರು ‘ಪ್ಯಾಕ್ ಮ್ಯಾನ್’ ಆಟವನ್ನು ತಿದ್ದಿ, ಕಾಲುಗಳಿರುವ ‘ಕ್ರೇಜಿ ಆಟೊ’ ಎಂಬ ಪಾತ್ರ ಮಾಡಿದರು. ಮಿಡ್‌ವೇ ಕಂಪನಿ ಅದನ್ನು ಕೊಂಡಿತು. ಕಾಲು ಹೋಯಿತು, ತಲೆಗೆ ರಿಬ್ಬನ್ನು, ತುಟಿಗೆ ಬಣ್ಣ ಬಂತು. 1982ರಲ್ಲಿ ಅದು ‘ಮಿಸ್ ಪ್ಯಾಕ್ ಮ್ಯಾನ್’ ಆಗಿ ಜಗತ್ಪ್ರಸಿದ್ಧವಾಯಿತು. ಇಲ್ಲಿ ಕಟ್ಟಳೆಯೂ ಬದಲಾಗಿತ್ತು: ಒಂದರ ಬದಲು ನಾಲ್ಕು ಬಗೆಯ ಜಟಿಲ ದಾರಿಗಳು, ಬಾಯಿಪಾಠ ಮಾಡಲಾಗದಂತೆ ನಡೆಯುವ ಭೂತಗಳು. ಆಟ ಚೆಲುವಾಯಿತು, ಸುಳ್ಳಲ್ಲ. ಆದರೆ ಬದಲಾವಣೆಯ ಮೂಲದಲ್ಲಿದ್ದದ್ದು ಕಲಿತವರ ಕಲಿಕೆಯನ್ನು ಕೆಲಸಕ್ಕೆ ಬಾರದಂತೆ ಮಾಡುವ ಲೆಕ್ಕ. ನಾವು ಆಟ ಕಲಿತಾಗಲೇ ಆಟದ ನಿಯಮ ಬದಲಾಗುವುದನ್ನು ಪರೀಕ್ಷೆ, ನೌಕರಿಗಳಲ್ಲಿ ಕಂಡವರಿಗೆ ಇದು ಹೊಸದೇನಲ್ಲ.

ಕಟ್ಟಳೆಯನ್ನು ಮುಟ್ಟುವ ಹಕ್ಕು ಯಾರಿಗಿದೆ ಎಂಬುದು ಕೋರ್ಟಿಗೂ ಹೋಯಿತು. ಕ್ಯಾಸೆಟ್ಟು ಮತ್ತು ಯಂತ್ರದ ನಡುವೆ ಸಿಕ್ಕಿಸಿ ಆಟವನ್ನು ಆ ಹೊತ್ತಿಗೆ ಬದಲಿಸುವ ‘ಗೇಮ್ ಜೀನಿ’ ಎಂಬ ಸಾಧನದ ವಿರುದ್ಧ ನಿಂಟೆಂಡೊ ವಾದಿಸಿ ಸೋತಿತು. ಅಮೆರಿಕದ ಮೇಲ್ಮನವಿ ನ್ಯಾಯಾಲಯ 1992ರಲ್ಲಿ, ಕೊಂಡ ಆಟವನ್ನು ತಾನು ಆಡುವಾಗ ಹೀಗೆ ಬದಲಿಸಿಕೊಳ್ಳುವುದು ಕೃತಿಚೌರ್ಯವಲ್ಲ ಎಂಬ ನಿಲುವು ತಾಳಿತು. ಹವ್ಯಾಸಿಗಳು ಕಂಡುಕೊಂಡ ದಾರಿ ಇನ್ನೊಂದು. ಅವರು ಆಟವನ್ನು ಹಂಚುವುದಿಲ್ಲ. ‘ಪ್ಯಾಚ್’ ಎಂಬ ಸಣ್ಣ ಫೈಲು ಹಂಚುತ್ತಾರೆ. ಇಂಥ ಜಾಗದಲ್ಲಿ ಇದ್ದದ್ದು ತೆಗೆದು ಇದನ್ನು ಹಾಕು ಎಂಬ ಸಾಲುಗಳಷ್ಟೇ ಅದರಲ್ಲಿರುತ್ತವೆ. ಮೂಲದ ಕಥೆ ಅದರಲ್ಲಿಲ್ಲ. ಇರುವುದು ತಕರಾರು ಮಾತ್ರ.

ನಮ್ಮ ವಿಮರ್ಶೆ ಬಹುಪಾಲು ಇಂಥ ಪ್ಯಾಚ್ ಆಗಿ ಕೆಲಸ ಮಾಡಿದೆ. ಅದು ಸಣ್ಣ ಕೆಲಸವಲ್ಲ. ಆದರೆ ಪ್ಯಾಚ್ ಒಂದಕ್ಕೇ ಜೀವವಿಲ್ಲ, ಅದಕ್ಕೆ ಮೂಲದ ಫೈಲು ಬೇಕೇ ಬೇಕು. ಯಾವ ಕಾದಂಬರಿಯಲ್ಲಿ ನಮ್ಮ ಪಾತ್ರ ಇದೆ, ಎಷ್ಟು ಪುಟ ಇದೆ ಅಂತ ಎಣಿಸುತ್ತಲೇ ಕೂತರೆ ಅವರ ಕಾದಂಬರಿಗೆ ನಾವು ಕಾಯಂ ಹೆಂಚು ತಿದ್ದುವವರಾಗಿ ಉಳಿಯುತ್ತೇವೆ. ನನ್ನ ತರಗತಿಯ ಹುಡುಗ ಹುಡುಗಿಯರಿಗೆ ಈ ಫೈಲುಗಳನ್ನು ತೆರೆದು ತೋರಿಸುತ್ತೇನೆ. ಮೊದಲ ದಿನ ಎಲ್ಲರೂ ಬಣ್ಣ ಬದಲಿಸುತ್ತಾರೆ, ತಮ್ಮ ಹೆಸರು ಬರೆಯುತ್ತಾರೆ, ಕೇಕೆ ಹಾಕುತ್ತಾರೆ. ಹಾಕಲಿ. ಆ ಸಂತೋಷ ಅವರ ಹಕ್ಕು. ಒಂದೆರಡು ವಾರ ಕಳೆದ ಮೇಲೆ ಯಾರಾದರೊಬ್ಬರು ಕೇಳುತ್ತಾರೆ: ‘ಸಾರ್, ಗೂಂಬನ್ನ ಮುಟ್ಟಿದ್ರೂ ಯಾರೂ ಸಾಯ್ದೇ ಇರೋ ಹಾಗೆ ಮಾಡೋಕಾಗುತ್ತಾ?’ ಆಗುತ್ತೆ. ಅದು ಇನ್ನೊಂದು ಚಿಪ್ಪಿನಲ್ಲಿದೆ, ಕಷ್ಟ ಇದೆ, ಕಲಿಯಬೇಕು. ಹಾಗೆ ಮಾಡಿದರೆ ಈ ಆಟ ಕೆಟ್ಟುಹೋಗಬಹುದು. ಆಗ ಬೇರೆ ಆಟವನ್ನೇ ಬರೆಯಬೇಕಾದೀತು. ನಮ್ಮ ಬರಹಗಾರರೂ ವಿಮರ್ಶಕರೂ ಒಟ್ಟಿಗೆ ಕೂತು ಮಾತಾಡಬೇಕಾದದ್ದು ಇನ್ನು ಮುಂದೆ ಆ ಆಟದ ಬಗ್ಗೆ.