ಫ್ರೀ ಅಂದ್ರ ಬರೀ ಪುಕ್ಕಟೆನಾ?

ಇಂಗ್ಲಿಷಿನ 'ಫ್ರೀ' ಪದವನ್ನು ನಾವು ಕೈಗೆ ಬಂದಂಗ ಬಳಸ್ತೀವಿ. "ಸಂಜೀಕೆ ಫ್ರೀ ಇದ್ದೀಯೇನೋ?" ಅಂದ್ರ ಬಿಡುವು, ನಮ್ಮೂರ ಮಾತಿನಾಗ ಸವುಡು. "ಸೀಟು ಫ್ರೀ ಐತಿ" ಅಂದ್ರ ಖಾಲಿ. "ಶುಗರ್ ಫ್ರೀ" ಅಂದ್ರ ಸಕ್ಕರೆ ಇಲ್ಲದ್ದು. "ಒಂದು ಕೊಂಡ್ರ ಒಂದು ಫ್ರೀ" ಅಂದ್ರ ಪುಕ್ಕಟೆ. ಕನ್ನಡದಾಗ ಇಷ್ಟು ಪದ ಇದ್ದರೂ ಎಲ್ಲಾದಕ್ಕೂ ಒಂದೇ ಫ್ರೀ.

ಸಾಫ್ಟ್‌ವೇರ್ ಮಂದಿಗೆ ಇದರ ತೊಡಕು ಗೊತ್ತು. 1983ರಲ್ಲಿ ಗ್ನೂ ಯೋಜನೆ ಘೋಷಿಸಿದ ರಿಚರ್ಡ್ ಸ್ಟಾಲ್ಮನ್, ಫ್ರೀ ಸಾಫ್ಟ್‌ವೇರ್ ಅನ್ನೋದು ರೊಕ್ಕದ ಮಾತಲ್ಲ, ಸ್ವಾತಂತ್ರ್ಯದ ಮಾತು ಅಂತ ವರ್ಷಾನುಗಟ್ಟಲೆ ಬಿಡಿಸಿ ಹೇಳಬೇಕಾಯಿತು. ಕನ್ನಡದಾಗ 'ಸ್ವತಂತ್ರ ತಂತ್ರಾಂಶ' ಅಂದ್ರ ಮುಗೀತು. ಅದನ್ನ 'ಉಚಿತ ತಂತ್ರಾಂಶ' ಅಂತ ಬರೆದ್ರ ಇಂಗ್ಲಿಷಿನ ಗೊಂದಲಾನ ನಾವಾಗೇ ಮನಿಗೆ ಕರಕೊಂಡು ಬಂದಂಗ.

ಈ ಗೊಂದಲ ಬಸ್ಸನ್ನೂ ಹತ್ತೈತಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಬೆಂಗಳೂರಿನ ಆಫೀಸಿನಾಗ ಊಟದ ಹೊತ್ತಿಗೆ ಗೆಳೆಯರು "ಫ್ರೀ ಬಸ್" ಅಂತ ನಕ್ಕರು. ಅವರ ಜೋಡಿ ನಾನೂ ನಕ್ಕೆ. ಆ ನಗುವಿನಾಗ ಇದ್ದದ್ದು 'ಪುಕ್ಕಟೆ' ಅನ್ನೋ ಒಂದೇ ಅರ್ಥ.

ದೇಗಾಂವಕ್ಕೆ ಹೋದಾಗ ಅವ್ವ ಕಿತ್ತೂರಿಗೆ ಹೊಂಟಿದ್ದಳು. ರೊಕ್ಕ ಕೊಡಾಕ ಹೋದೆ. "ಬ್ಯಾಡ ಬಿಡಪಾ, ಈಗ ಬಸ್ಸಿಗೆ ಯಾರ ಮುಂದೂ ಕೈ ಚಾಚೂದಿಲ್ಲ" ಅಂದಳು. ಆಕಿ ಹೇಳಿದ್ದೂ ಫ್ರೀನೇ, ಆದ್ರ ಸ್ಟಾಲ್ಮನ್ ಹೇಳಿದ ಫ್ರೀ.

ಪರ್ಯಾಯ ಪದ ಅಂದ್ರ ಬರೀ ಬದಲಿ ಪದ ಅಲ್ಲ, ಅದು ನಾವು ಕೊಡೋ ತೀರ್ಪು. 'ಪುಕ್ಕಟೆ' ಅಂದಾಗ ಪಡೆದವರನ್ನ ಸಣ್ಣ ಮಾಡ್ತೀವಿ. 'ಉಚಿತ' ಅನ್ನೋದಕ್ಕೆ ಕನ್ನಡದಾಗ 'ತಕ್ಕದ್ದು' ಅಂತನೂ ಅರ್ಥ ಐತಿ. ಅದನ್ನ ನಾನು ಮರೆತಿದ್ದೆ.