ತ್ರ್ಯಂಬಕದಲ್ಲಿ ಕಡಲು ಕಟ್ಟುವುದು

ಈ ವಾರ ಅಕ್ವೇರಿಯಂ ದೀಪಗಳ ಬಗ್ಗೆ ಬರೆಯುತ್ತೇನೆ ಎಂದಿದ್ದೆ. ಎಲ್‌ಇಡಿಯಲ್ಲಿ ನೀಲಿ ಎಷ್ಟಿರಬೇಕು, ಬಿಳಿ ಎಷ್ಟಿರಬೇಕು ಎಂಬ ಟಿಪ್ಪಣಿ ಮೇಜಿನ ಮೇಲೆ ಸಿದ್ಧವಾಗಿಯೇ ಇದೆ. ಅಷ್ಟರಲ್ಲಿ ತ್ರ್ಯಂಬಕೇಶ್ವರದಿಂದ ಓದುಗರೊಬ್ಬರ ಪತ್ರ ಬಂತು. ಮೂಲತಃ ವಿಜಯಪುರದ ಕಡೆಯವರು, ನಾಸಿಕದಲ್ಲಿ ನೌಕರಿ, ಮನೆ ತ್ರ್ಯಂಬಕದಲ್ಲಿ. ಉಪ್ಪುನೀರಿನ ತೊಟ್ಟಿ ಮಾಡಿ ಅನಿಮೋನ್ ಎಂಬ ಕಡಲಜೀವಿಯನ್ನು ಸಾಕಬೇಕೆಂಬ ಆಸೆ ಅವರಿಗೆ. ಆದರೆ ಮುಂಬೈಯ ಗೆಳೆಯರು, ‘ಸಮುದ್ರದ ನೀರೇ ಸಿಗದ ಊರಲ್ಲಿ ಅದು ಬದುಕುವುದಿಲ್ಲ, ಸುಮ್ಮನೆ ದುಡ್ಡು ಹಾಳು’ ಎಂದರಂತೆ. ದೀಪದ ಮಾತು ಮುಂದಿನ ವಾರಕ್ಕಿರಲಿ. ಈ ಮಾತಿಗೆ ಉತ್ತರ ಕೊಡದೆ ನನಗೆ ಸಮಾಧಾನವಿಲ್ಲ.

ತ್ರ್ಯಂಬಕದಲ್ಲಿ ಗೋದಾವರಿ ಹುಟ್ಟುವ ಬ್ರಹ್ಮಗಿರಿಯಿಂದ ಅರಬ್ಬೀ ಸಮುದ್ರ ಸುಮಾರು 80 ಕಿಲೋಮೀಟರ್ ದೂರವಷ್ಟೇ. ನದಿ ಮಾತ್ರ ಆ ಕಡೆ ತಿರುಗಿಯೂ ನೋಡದೆ ಪೂರ್ವಕ್ಕೆ ಹೊರಟು, 1,465 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿ ಸೇರುತ್ತದೆ. ಅಂಥ ಊರಿನಲ್ಲಿ ಕೂತು ಕಡಲಿಗಾಗಿ ಹಂಬಲಿಸುವವರಿಗೆ ನಾನು ಹೇಳುವುದಿಷ್ಟು: ಅನಿಮೋನ್ ಸಾಕಲು ತ್ರ್ಯಂಬಕ ಕೆಟ್ಟ ಊರಲ್ಲ. ನನ್ನನ್ನು ಕೇಳಿದರೆ ಮುಂಬೈಗಿಂತ, ನಮ್ಮ ಕಾರವಾರ ಮಂಗಳೂರುಗಳಿಗಿಂತ ಒಳ್ಳೆಯ ಊರು.

ಕ್ಯಾನುಗಳಲ್ಲಿ ಸಮುದ್ರದ ನೀರು ತುಂಬಿಸಿಕೊಂಡು ಬರುವವರ ಜೊತೆ ಈ ಅಂಕಣದ ಜಗಳ ಹಳೆಯದು. ‘ಅಸಲಿ ನೀರು’ ಎಂಬುದು ಅವರ ಮಂತ್ರ. ಆದರೆ ಯಾವ ತಿಂಗಳ ಅಸಲಿ ನೀರು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಳಿ, ಶರಾವತಿ, ನೇತ್ರಾವತಿಗಳು ಘಟ್ಟದ ಮಳೆಯನ್ನೆಲ್ಲ ಹೊತ್ತು ತಂದು ಸುರಿಯುವಾಗ ದಡದ ನೀರಿನಲ್ಲಿ ಉಪ್ಪಿನಂಶ ಕುಸಿಯುತ್ತದೆ, ಕೆಸರು ಏರುತ್ತದೆ. ಮುಂಬೈ ದಡದಲ್ಲಿ ಇದರ ಜೊತೆಗೆ ಮಹಾನಗರದ ಕೊಳಚೆಯೂ ಸೇರುತ್ತದೆ. ಬಂಡೆಗೆ ಅಂಟಿಕೊಂಡ ದಡದ ಅನಿಮೋನ್‌ಗಳು ಆ ಏರುಪೇರನ್ನು ತಲೆಮಾರುಗಳಿಂದ ಸಹಿಸಿಕೊಂಡು ಬಂದಿವೆ. ನಾವು ಮನೆಯಲ್ಲಿ ಸಾಕುವುದು ಹವಳದ ದಿಬ್ಬಗಳ ತಿಳಿನೀರಿನ ಅನಿಮೋನ್‌ಗಳನ್ನು. ಅವುಗಳಿಗೆ ಅಂಥ ಅಭ್ಯಾಸವಿಲ್ಲ. ಈ ಜೀವಿಗೆ ಚಿಪ್ಪಿಲ್ಲ, ಮೂತ್ರಪಿಂಡವಿಲ್ಲ. ಹೊರಗಿನ ನೀರಿನಲ್ಲಿ ಎಷ್ಟು ಉಪ್ಪೋ ಒಡಲೊಳಗೂ ಅಷ್ಟೇ. ನೀರು ಸಪ್ಪೆಯಾದರೆ ಅದರ ಜೀವಕೋಶಗಳು ಉಬ್ಬುತ್ತವೆ, ಉಪ್ಪು ಏರಿದರೆ ಸೊರಗುತ್ತವೆ. ಲೀಟರಿಗೆ 35 ಗ್ರಾಂ ಉಪ್ಪು, ರಿಫ್ರಾಕ್ಟೋಮೀಟರಿನಲ್ಲಿ 1.025 ಅಥವಾ 1.026. ಇದು ಇವತ್ತೂ ಅಷ್ಟೇ ಇರಬೇಕು, ಮುಂದಿನ ವರ್ಷವೂ ಅಷ್ಟೇ ಇರಬೇಕು. ಆ ಸ್ಥಿರತೆಯನ್ನು ಕ್ಯಾನಿನ ನೀರು ಕೊಡಲಾರದು. ಆರ್‌ಓ ನೀರಿಗೆ ಸಾಲ್ಟ್ ಮಿಕ್ಸ್ ತೂಗಿ ಹಾಕುವ ಕೈ ಕೊಡಬಲ್ಲದು.

ಇದು ಹೊಸ ಕಾಲದ ಸೋಮಾರಿತನ ಎನ್ನುವವರು ಫಿಲಿಪ್ ಹೆನ್ರಿ ಗಾಸ್‌ನನ್ನು ಓದಬೇಕು. 1854ರಲ್ಲಿ ‘ದಿ ಅಕ್ವೇರಿಯಂ’ ಬರೆದ ಇಂಗ್ಲೆಂಡಿನ ಆ ಪ್ರಕೃತಿ ವಿಜ್ಞಾನಿ ಅದೇ ವರ್ಷ ಮನೆಯಲ್ಲೇ ಸಮುದ್ರದ ನೀರು ತಯಾರಿಸುವ ಪಾಕವನ್ನೂ ಪ್ರಕಟಿಸಿದ. ಅಡುಗೆ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಕ್ಲೋರೈಡ್: ನಾಲ್ಕೇ ವಸ್ತು. ಬೆರೆಸಿದ ನೀರಿಗೆ ಮೊದಲು ಕಡಲಪಾಚಿ ಬೆಳೆದ ಕಲ್ಲುಗಳನ್ನು ಇಟ್ಟು, ನೀರು ಹದಕ್ಕೆ ಬರಲು ಬಿಟ್ಟು, ಆಮೇಲೆ ಪ್ರಾಣಿಗಳನ್ನು ಬಿಟ್ಟ. ಇಂದಿನ ಮಿಕ್ಸ್‌ಗಳಲ್ಲಿ ಕ್ಯಾಲ್ಸಿಯಂನಿಂದ ಸ್ಟ್ರಾನ್ಷಿಯಂವರೆಗೆ ಎಷ್ಟೋ ಹೆಚ್ಚಿನ ಅಂಶಗಳಿವೆ. ಆದರೆ ನೀರು ಮೊದಲು, ಜೀವ ಆಮೇಲೆ ಎಂಬ ಆ ಕ್ರಮ ಇಂದಿಗೂ ಬದಲಾಗಿಲ್ಲ. ಕಡಲಿಂದ ದೂರವಿರುವ ಊರುಗಳಿಗೆ ಈ ಹವ್ಯಾಸ ಕಾಲಿಟ್ಟದ್ದೇ ಈ ಪಾಕದ ಬಲದಿಂದ.

ನಾಸಿಕದ ಹವೆಯ ಬಗ್ಗೆ ಪತ್ರದಲ್ಲಿ ಆತಂಕವಿದೆ. ಬೇಸಿಗೆಯಲ್ಲಿ ನಾಸಿಕ 40 ಡಿಗ್ರಿ ಮುಟ್ಟುತ್ತದೆ ನಿಜ. ಆದರೆ ಅಲ್ಲಿಯ ಬೇಸಿಗೆ ಒಣ ಬೇಸಿಗೆ. ತೊಟ್ಟಿಯ ಮೇಲ್ಮೈಗೆ ಸಣ್ಣ ಫ್ಯಾನಿನಿಂದ ಗಾಳಿ ಹಾಯಿಸಿದರೆ ನೀರು ಆವಿಯಾಗುತ್ತ ಎರಡು ಮೂರು ಡಿಗ್ರಿ ತಂಪಾಗುತ್ತದೆ. ಗಾಳಿಯಲ್ಲೇ ತೇವ ತುಂಬಿರುವ ಮಂಗಳೂರಿನಲ್ಲಿ ಇದೇ ಫ್ಯಾನು ಅರ್ಧ ಕೆಲಸವನ್ನೂ ಮಾಡುವುದಿಲ್ಲ. ಅಲ್ಲಿ ದುಬಾರಿ ಚಿಲ್ಲರ್ ಇಲ್ಲದೆ ಏಪ್ರಿಲ್ ದಾಟುವುದು ಕಷ್ಟ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ ಎಂದು ನಿತ್ಯದ ಓದುಗರಿಗೆ ಹೇಳಬೇಕಿಲ್ಲ. ಆದ್ದರಿಂದ ಕಡಿಮೆಯಾದಷ್ಟನ್ನು ದಿನವೂ ಸಿಹಿನೀರಿನಿಂದ ತುಂಬಬೇಕು. ತಾನೇ ತುಂಬಿಕೊಳ್ಳುವ ಫ್ಲೋಟ್ ವಾಲ್ವ್ ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು. ಚಿಲ್ಲರ್‌ನಲ್ಲಿ ಉಳಿದ ದುಡ್ಡಿನ ಸಣ್ಣ ಪಾಲು ಅದಕ್ಕೆ ಸಾಕು.

ನನಗೆ ಹೆಚ್ಚು ಚಿಂತೆ ಚಳಿಗಾಲದ್ದು. ಅದೇ ಜಿಲ್ಲೆಯ ನಿಫಾಡ್‌ನಲ್ಲಿ ಉಷ್ಣಾಂಶ 5 ಡಿಗ್ರಿಗಿಂತ ಕೆಳಗಿಳಿದ ಸುದ್ದಿಯನ್ನು ಎಷ್ಟೋ ಸಲ ಓದಿದ್ದೇವೆ. ಅನಿಮೋನ್‌ಗೆ 24ರಿಂದ 27 ಡಿಗ್ರಿ ಹಿತ. ಒಂದು ದೊಡ್ಡ ಹೀಟರಿನ ಬದಲು ಎರಡು ಚಿಕ್ಕವನ್ನು ಇಡಿ. ಒಂದು ಕೆಟ್ಟು ಆಫ್ ಆಗದೆ ಉಳಿದರೂ ತೊಟ್ಟಿ ಬೇಯುವುದಿಲ್ಲ, ಒಂದು ಸತ್ತರೂ ತೊಟ್ಟಿ ತಣ್ಣಗಾಗಿ ಹೋಗುವುದಿಲ್ಲ. ಮಳೆಗಾಲದ ತ್ರ್ಯಂಬಕದಲ್ಲಿ ಕರೆಂಟು ಹೋದರೆ ಎಂಬುದು ಅವರ ಇನ್ನೊಂದು ಪ್ರಶ್ನೆ. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿರಲಿ, ಅಷ್ಟೇ.

ತ್ರ್ಯಂಬಕದ ಕುಶಾವರ್ತ ಕುಂಡದ ತೀರ್ಥವನ್ನು ಒಂದು ತಂಬಿಗೆ ತೊಟ್ಟಿಗೆ ಹಾಕಬಹುದೇ ಎಂದೂ ಕೇಳಿದ್ದಾರೆ. ಅವರ ಭಕ್ತಿ ನನಗೆ ಅರ್ಥವಾಗುತ್ತದೆ. ಅಷ್ಟು ಜನ ಮೀಯುವ ಕುಂಡದ ನೀರು ದೇವರ ಮನೆಯಲ್ಲಿರಲಿ, ತೊಟ್ಟಿಗೆ ಬೇಡ. ಗಂಗಾಪುರ ಅಣೆಕಟ್ಟಿನಿಂದ ನಾಸಿಕಕ್ಕೆ ಬರುವ ನಲ್ಲಿ ನೀರೂ ನೇರವಾಗಿ ಬೇಡ, ಕ್ಲೋರಿನ್ ಇರುತ್ತದೆ. ಎಲ್ಲವೂ ಆರ್‌ಓ ದಾಟಿಯೇ ಬರಬೇಕು.

ಇನ್ನು ನನ್ನ ಮುಖ್ಯ ಮಾತು. ಅನಿಮೋನ್ ಸತ್ತಾಗ ‘ಪಾಪ, ಅದರ ಆಯಸ್ಸೇ ಅಷ್ಟು’ ಎಂದು ಅಂಗಡಿಯವರು ಸಮಾಧಾನ ಹೇಳುತ್ತಾರೆ. ಅದು ಸುಳ್ಳು. ಸ್ಕಾಟ್ಲೆಂಡಿನ ಸರ್ ಜಾನ್ ಗ್ರಹಾಂ ಡಾಲಿಯೆಲ್ 1828ರಲ್ಲಿ ನಾರ್ತ್ ಬರ್ವಿಕ್ ದಡದಿಂದ ಒಂದು ಕೆಂಪು ಅನಿಮೋನ್ ತಂದು ಎಡಿನ್‌ಬರೊದ ಮನೆಯಲ್ಲಿ ಗಾಜಿನ ಜಾಡಿಯಲ್ಲಿಟ್ಟ. ಪಂಪಿಲ್ಲ, ಸ್ಕಿಮ್ಮರ್ ಇಲ್ಲ. ಸಮುದ್ರದಿಂದ ತರಿಸಿದ ನೀರನ್ನು ತಪ್ಪದೆ ಬದಲಾಯಿಸುತ್ತಿದ್ದ, ಅಷ್ಟೇ. 1851ರಲ್ಲಿ ಡಾಲಿಯೆಲ್ ತೀರಿಕೊಂಡ. ಅನಿಮೋನ್ ಬದುಕಿತ್ತು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತ, ‘ಗ್ರ್ಯಾನಿ’ ಎಂದು ಹೆಸರಾಗಿ, ನೂರಾರು ಮರಿ ಹಾಕಿ, ಕೊನೆಗೆ 1887ರಲ್ಲಿ ಸತ್ತಿತು. ಜಾಡಿಯೊಳಗೇ 59 ವರ್ಷ! ಅದು ತಂಪು ಕಡಲಿನ ಜಾತಿ, ಬೆಳಕನ್ನು ನಂಬಿ ಬದುಕುವಂಥದ್ದಲ್ಲ. ನಮ್ಮ ಉಷ್ಣವಲಯದ ಅನಿಮೋನ್‌ಗಳ ಮೈಯೊಳಗೆ ಸೂಕ್ಷ್ಮ ಪಾಚಿಗಳಿದ್ದು, ಬೆಳಕಿನಿಂದ ಅವು ತಯಾರಿಸುವ ಸಕ್ಕರೆಯೇ ಅನಿಮೋನ್‌ಗೆ ಮುಖ್ಯ ಊಟ. ವ್ಯತ್ಯಾಸ ಇಷ್ಟಿದ್ದರೂ ಗ್ರ್ಯಾನಿಯ ಸಾಕ್ಷ್ಯವನ್ನು ತಳ್ಳಿಹಾಕುವಂತಿಲ್ಲ. ಅನಿಮೋನ್ ಮನೆಗೆ ಬಂದ ವರ್ಷವೇ ಸತ್ತರೆ ಅದು ಮುಪ್ಪಿನ ಸಾವಲ್ಲ.

ಹಾಗಿದ್ದರೆ ಇಷ್ಟೊಂದು ಸಾಯುವುದೇಕೆ? 2003ರಲ್ಲಿ ‘ಫೈಂಡಿಂಗ್ ನೀಮೊ’ ಬಂದ ಮೇಲೆ ಒಂದು ಚಟ ಶುರುವಾಯಿತು: ಮೇಜಿನ ಮೇಲಿಡುವ ಪುಟ್ಟ ತೊಟ್ಟಿ, ಎರಡು ಕ್ಲೌನ್ ಮೀನು, ನಡುವೆ ಒಂದು ಕಾರ್ಪೆಟ್ ಅನಿಮೋನ್, ಎಲ್ಲ ಒಂದೇ ದಿನ. ಕ್ಲೌನ್ ಮೀನಿಗೆ ತೊಟ್ಟಿಯಲ್ಲಿ ಅನಿಮೋನ್ ಬೇಕೇ ಬೇಕು ಎಂದು ನಂಬಿಸಿ ಮಾರುತ್ತಾರೆ. ಬೇಕಿಲ್ಲ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಹಲವು ಜಾತಿಯ ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ರೂಪಿಸಿ ವರ್ಷಗಳಾದವು. ಮೀನಿಗಾಗಿ ಕಡಲು ದೋಚಬೇಕಾಗಿಲ್ಲ. ಅಂಗಡಿಯ ಕಾರ್ಪೆಟ್ ಅನಿಮೋನ್ ಮಾತ್ರ ಈಗಲೂ ಬಂಡೆಯಿಂದಲೋ ಮರಳಿನಿಂದಲೋ ಕಿತ್ತು ತಂದದ್ದೇ. ಕೀಳುವಾಗ ಪಾದ ಹರಿದರೆ ಅದು ಉಳಿಯುವುದು ಕಷ್ಟ. ದಾರಿಯಲ್ಲಿ ಪಾಚಿ ಕಳೆದುಕೊಂಡು ಬೆಳ್ಳಗಾದದ್ದನ್ನು ‘ಅಪರೂಪದ ಬಿಳಿ’ ಎಂದು ಹೆಚ್ಚು ಬೆಲೆಗೆ ಮಾರುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದು ಹಸಿದ ಪ್ರಾಣಿಯ ಬಣ್ಣ.

ಗಾಸ್‌ನ ಕಥೆಯ ಇನ್ನೊಂದು ಮುಖವೂ ಇದೇ. ಅವನ ಪುಸ್ತಕಗಳನ್ನು ಓದಿ ಹುರುಪುಗೊಂಡ ಜನ ಬಕೆಟ್ ಹಿಡಿದು ದಡಕ್ಕೆ ನುಗ್ಗಿದರು. ಬಂಡೆಗಳ ನಡುವಿನ ಕೊಳಗಳು ಬರಿದಾದವು. ಅವನ ಮಗ ಎಡ್ಮಂಡ್ ಗಾಸ್ 1907ರ ‘ಫಾದರ್ ಅಂಡ್ ಸನ್’ನಲ್ಲಿ ಆ ಹಾಳನ್ನು ನೆನೆದು ನೊಂದುಕೊಂಡಿದ್ದಾನೆ. ಆ ಪುಟಗಳನ್ನು ನಾನು ಮತ್ತೆ ಮತ್ತೆ ತೆಗೆಯುತ್ತೇನೆ. ನಮ್ಮ ಹವ್ಯಾಸದ ಮೊದಲ ಪಾಠಪುಸ್ತಕ ಅಪ್ಪನದಾದರೆ ಎರಡನೆಯದು ಮಗನದು. ಅಪ್ಪನದನ್ನಷ್ಟೇ ಓದಿ ನಿಲ್ಲಿಸಬಾರದು.

ಇನ್ನು ತ್ರ್ಯಂಬಕದವರಿಗೆ. ಇನ್ನೂರು ಲೀಟರಿಗೆ ಕಡಿಮೆಯಾಗದ ತೊಟ್ಟಿ ಮಾಡಿಸಿ. ಒಳಗೆ ರಂಧ್ರಗಳಿರುವ ಸೆರಾಮಿಕ್ ಕಲ್ಲು ಜೋಡಿಸಿ. ಕಡಲಿನಿಂದ ಎತ್ತಿದ ಹವಳದ ತುಂಡನ್ನು ಯಾರು ಕೊಟ್ಟರೂ ಬೇಡ ಎನ್ನಿ. ಕಲ್ಲುಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಅಮೋನಿಯ, ನೈಟ್ರೈಟ್ ಸೊನ್ನೆಗೆ ಬಂದು ನಿಂತ ಮೇಲೂ ಒಂದು ಬೇಸಿಗೆ, ಒಂದು ಚಳಿಗಾಲ ಆ ನೀರನ್ನು ಓಡಿಸಿ ನೋಡಿ. ಮೀನಿಗೆ ರೋಗ ಬಂದರೆ ತಾಮ್ರದ ಔಷಧಿಯನ್ನು ಆ ತೊಟ್ಟಿಗೆ ಎಂದೂ ಹಾಕಬೇಡಿ. ಅನಿಮೋನ್‌ಗೆ ತಾಮ್ರ ವಿಷ. ಪವರ್‌ಹೆಡ್‌ಗಳಿಗೆ ಜಾಲರಿ ಕಟ್ಟಿ, ಏಕೆಂದರೆ ಅನಿಮೋನ್ ಜಾಗ ಹುಡುಕುತ್ತ ನಡೆಯುತ್ತದೆ, ಒಳಗೆ ಸಿಕ್ಕಿಕೊಂಡರೆ ಚೂರಾಗಿ ಇಡೀ ತೊಟ್ಟಿಯ ನೀರನ್ನು ಕೆಡಿಸುತ್ತದೆ. ಕ್ಲೌನ್ ಮೀನಿಗೆ ಆಶ್ರಯ ಕೊಡುವ ಹತ್ತು ಜಾತಿಗಳಲ್ಲಿ ಬಬಲ್ ಟಿಪ್ ಒಂದನ್ನೇ ಆರಿಸಿ. ಬಾಯಿ ಬಿಗಿಯಾಗಿ ಮುಚ್ಚಿರಬೇಕು, ಪಾದ ಹರಿದಿರಬಾರದು. ವಾರಕ್ಕೊಮ್ಮೆ ಸಿಗಡಿಯ ಸಣ್ಣ ಚೂರು ಸಾಕು. ದಿನಕ್ಕೊಮ್ಮೆ ಕುಗ್ಗಿ ಮತ್ತೆ ಅರಳಿದರೆ ಗಾಬರಿಯಾಗಬೇಡಿ, ಅದು ಹೊಟ್ಟೆ ಶುದ್ಧಿ ಮಾಡಿಕೊಳ್ಳುವ ರೀತಿ.

ಬಬಲ್ ಟಿಪ್ ಚೆನ್ನಾಗಿ ನೆಲೆಯೂರಿದರೆ ತಾನೇ ಒಡೆದು ಎರಡಾಗುತ್ತದೆ. ಪುಣೆ, ನಾಸಿಕ, ಬೆಳಗಾವಿ, ಹುಬ್ಬಳ್ಳಿಯ ಓದುಗರಲ್ಲಿ ಯಾರ ತೊಟ್ಟಿಯಲ್ಲಾದರೂ ಹಾಗೆ ಒಡೆದದ್ದಿದ್ದರೆ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ತ್ರ್ಯಂಬಕದ ಓದುಗರ ತೊಟ್ಟಿ ಸಿದ್ಧವಾಗಲು ಇನ್ನೂ ಒಂದು ವರ್ಷವಿದೆ. ಅವರಿಗೆ ಕಡಲಿನಿಂದ ಕಿತ್ತ ಅನಿಮೋನ್ ಬೇಡ, ನಿಮ್ಮ ತೊಟ್ಟಿಯಲ್ಲಿ ಹುಟ್ಟಿದ್ದನ್ನು ಕೊಡಿ.